ಪುಟ್ಟಮ್ಮನ ಹೂಂ

ನಾನು ಕೆಲಸ ಬಿಟ್ಟ ದಿನ ಯಾರೂ ಹಾರ ಹಾಕಲಿಲ್ಲ, ಶಾಲು ಹೊದಿಸಲಿಲ್ಲ. ಕಂಪ್ಯೂಟರ್ ಆಫ್ ಮಾಡಿ, ಅದರ ಮೇಲೆ ಒಂದು ಹಳೆಯ ಟವೆಲ್ ಹೊದಿಸಿ, ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟೆ. ಮನೆಯಲ್ಲೇ ಕೂತು ಮಾಡುವ ಕೆಲಸಕ್ಕೆ ಬೀಳ್ಕೊಡುಗೆಯೂ ಮನೆಯಲ್ಲೇ. ಕಿವಿ ಮಂದವಾಗಿತ್ತು. ಆಡಿಯೋ ಎಡಿಟ್ ಮಾಡುವವಳಿಗೆ ಕಿವಿ ಮಂದವಾದರೆ ಕುರುಡ ಬಟ್ಟೆಗೆ ಬಣ್ಣ ಆರಿಸಿದ ಹಾಗೆ, ಆದ್ದರಿಂದ ಬಿಟ್ಟೆ. ಈಚೆಗೆ ಇಬ್ಬರು ಹುಡುಗಿಯರು ಬೀರೂರಿನ ನಮ್ಮ ಮನೆ ಹುಡುಕಿಕೊಂಡು ಬಂದು, "ಮೇಡಂ, ಪಾಡ್‌ಕಾಸ್ಟ್ ಎಡಿಟಿಂಗ್ ಕಲೀಬೇಕು, ಹೇಳ್ಕೊಡ್ತೀರಾ?" ಎಂದು ಕೇಳಿದರು. ಸಾಫ್ಟ್‌ವೇರ್ ವಿಷಯ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಅದರಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ಬರುವ ಮೊದಲು ನಾನು ಕಡೂರಿನ ಒಂದು ಡಿಟಿಪಿ ಅಂಗಡಿಯಲ್ಲಿದ್ದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಅಂಗಡಿಗಳ ಬಿಲ್ ಪುಸ್ತಕ, ಚುನಾವಣೆ ಬಂದರೆ ಕರಪತ್ರ. ಅಲ್ಲಿ ಎರಡು ಅಭ್ಯಾಸ ಮೈಗೆ ಅಂಟಿದವು. ತಪ್ಪು ಕಂಡ ತಕ್ಷಣ ಅಳಿಸುವುದು ಒಂದು. ಪ್ರಿಂಟಾಗಿ ಗಿರಾಕಿ ತೆಗೆದುಕೊಂಡು ಹೋದ ಮೇಲೆ ಫೈಲನ್ನೇ ಅಳಿಸುವುದು ಇನ್ನೊಂದು; ಇಲ್ಲದಿದ್ದರೆ ಊರಿನವರ ಮದುವೆಗಳೆಲ್ಲ ಕಂಪ್ಯೂಟರಿನಲ್ಲಿ ಕೂತು ಅದು ಆಮೆಯಾಗಿಬಿಡುತ್ತಿತ್ತು. ಈ ಎರಡೂ ಅಭ್ಯಾಸಗಳನ್ನು ಹೊಸ ಕೆಲಸಕ್ಕೂ ಹೊತ್ತು ತಂದೆ. ಎರಡೂ ಸೇರಿ ನನ್ನನ್ನು ಹೇಗೆ ಮುಳುಗಿಸಿದವು ಎಂಬುದು ಮುಂದೆ ಬರುತ್ತದೆ.

ಕೆಲಸ ಕೊಟ್ಟವರು ತರೀಕೆರೆಯ ಶಿವಾನಂದ ಸರ್. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾಗಿ, ಹಳ್ಳಿಯವರ ಅನುಭವ, ಕಥೆ, ಕಸುಬುಗಳನ್ನು ರೆಕಾರ್ಡ್ ಮಾಡಿ ವಾರಕ್ಕೊಂದು ಪಾಡ್‌ಕಾಸ್ಟ್ ಬಿಡುತ್ತಿದ್ದರು. ತಾವೇ ಸ್ಕೂಟರಿನಲ್ಲಿ ಹೋಗಿ ರೆಕಾರ್ಡ್ ಮಾಡಿ, ಪೆನ್‌ಡ್ರೈವನ್ನು ಕವರಿನಲ್ಲಿ ಹಾಕಿ ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದರು. ನಾನು ಬೀರೂರು ಸ್ಟ್ಯಾಂಡಿನಲ್ಲಿ ನಿಂತು ಇಸಿದುಕೊಳ್ಳುತ್ತಿದ್ದೆ. ಒಳ್ಳೆಯ ಮನುಷ್ಯ, ಆದರೆ ಒಂದು ಹಟ: ಯಾವ ಕಂತೂ ಇಪ್ಪತ್ತು ನಿಮಿಷ ದಾಟಬಾರದು. "ಇಪ್ಪತ್ತು ಆದ್ಮೇಲೆ ದೇವ್ರು ಬಂದು ಮಾತಾಡಿದ್ರೂ ಜನ ಕೇಳಲ್ಲ ಕಣ್ರೀ ನಾಗವೇಣಿ" ಎನ್ನುತ್ತಿದ್ದರು. ಮೂವತ್ತೈದು ವರ್ಷ ತರಗತಿಯಲ್ಲಿ ಹುಡುಗರು ಆಕಳಿಸುವುದನ್ನು ಕಂಡವರು, ಆ ಲೆಕ್ಕ ಅವರಿಗೇ ಗೊತ್ತು.

ನಮ್ಮ ಮನೆಯಿಂದ ರೈಲು ಹಳಿ ಕೂಗಳತೆ ದೂರ. ಗಾಡಿ ಬಂದರೆ ಕಿಟಕಿ ಗಾಜು ನಡುಗುತ್ತಿತ್ತು. ಪ್ರತಿ ಕಂತಿನ ಮುನ್ನುಡಿಯ ನಾಲ್ಕು ಸಾಲು ನನ್ನ ದನಿಯಲ್ಲೇ ಇರುತ್ತಿದ್ದುದರಿಂದ, ಎರಡು ಗಾಡಿಗಳ ನಡುವೆ ಬಿಡುವು ನೋಡಿ, ತಲೆಯ ಮೇಲೆ ಕಂಬಳಿ ಎಳೆದುಕೊಂಡು ಓದುತ್ತಿದ್ದೆ. ಕಂಬಳಿಯೇ ನನ್ನ ಸ್ಟುಡಿಯೋ. ಬೇಸಿಗೆಯಲ್ಲಿ ಹೊರಗೆ ಬಂದರೆ ಅಕ್ಕಪಕ್ಕದವರು ಜ್ವರವೇ ಎಂದು ಕೇಳುವಷ್ಟು ಬೆವರಿರುತ್ತಿದ್ದೆ. ಸಾಫ್ಟ್‌ವೇರ್ ಪುಕ್ಕಟೆ ಸಿಗುವಂಥದ್ದು. ಪರದೆಯ ಮೇಲೆ ದನಿಯೆಲ್ಲ ಏರಿಳಿತದ ಗೆರೆಯಾಗಿ ಕಾಣುತ್ತದೆ. ಬೇಡದ ಕಡೆ ಮೌಸಿನಿಂದ ಗುರುತು ಹಾಕಿ ಅಳಿಸಿದರೆ ಆಯಿತು. ಆ ಕಡೆ ಈ ಕಡೆಯ ಮಾತು ತಾನಾಗಿ ಬಂದು ಕೂಡಿಕೊಳ್ಳುತ್ತದೆ.

ಮೊದಲ ದೊಡ್ಡ ಎಡವಟ್ಟು ಅಜ್ಜಂಪುರದ ಕಡೆಯ ಒಬ್ಬ ದನ ಸಾಕುವವರದ್ದು. ಪರದೆಯಲ್ಲಿ ಅವರ ಮಾತಿನ ಕೆಳಗೆ, ಒಟ್ಟಿಗೇ ಕೇಳಿಸುವ ಇನ್ನೊಂದು ಸಾಲಿನಲ್ಲಿ, ನನ್ನ ಮುನ್ನುಡಿಯನ್ನು ಇಟ್ಟಿದ್ದೆ. ಅದನ್ನು ಓದುವಾಗ ಹಾಲಿನವನು ಬಂದಿದ್ದ. ರೆಕಾರ್ಡಿಂಗ್ ನಿಲ್ಲಿಸದೆಯೇ ಎದ್ದು ಹೋಗಿ ಅವನನ್ನು ತರಾಟೆಗೆ ತೆಗೆದುಕೊಂಡಿದ್ದೆ. ಅದನ್ನು ಅಳಿಸಲು ಮರೆತೆ, ಪೂರ್ತಿ ಕೇಳದೆ ಕಳಿಸಿಯೂಬಿಟ್ಟೆ. ಕಂತಿನಲ್ಲಿ ಆ ಯಜಮಾನರು "ನಮ್ಮ ಹಸಿನ ಹಾಲು ಕುಡುದ್ರೆ ಮಲಗಿದ್ದೋನೂ ಎದ್ದು ಕೂತ್ಕೊತಾನೆ" ಎನ್ನುತ್ತಾರೆ. ಹಿಂದೆಯೇ ನನ್ನ ದನಿ: "ಇದು ಹಾಲೇನ್ರೀ? ನೀರಿಗೆ ಸುಣ್ಣ ಕಲಸ್ಕೊಂಡು ಬಂದಿದ್ದೀರಾ?" ಆ ಯಜಮಾನರು ಆಮೇಲೆ ಬಹಳ ದಿನ ನನ್ನ ಹೆಸರೆತ್ತಿದರೆ ಉರಿದುಬೀಳುತ್ತಿದ್ದರಂತೆ. ಕಳಿಸುವ ಮೊದಲು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಬೇಕು ಎಂಬ ಪಾಠ ಆಗ ಸಿಕ್ಕಿತು. ಅದರಲ್ಲಿ 'ಪೂರ್ತಿ' ಎಂಬುದನ್ನು ಕಲಿತೆ, 'ಕಣ್ಣು ಮುಚ್ಚಿಕೊಂಡು' ಎಂಬುದನ್ನು ಕಲಿಯಲಿಲ್ಲ.

ಆ ಅವಮಾನದಿಂದ ನಾನು ಮಡಿಯ ಹೆಂಗಸಾದೆ. ಕೆಮ್ಮು, ಫ್ಯಾನಿನ ಗೊರಗೊರ, ಕೋಳಿ, ಬೈಕು, "ಅಂದ್ರೆ", "ಏನಪ್ಪಾಂದ್ರೆ" ಎಲ್ಲವನ್ನೂ ಹೆಕ್ಕಿ ಹೆಕ್ಕಿ ತೆಗೆಯತೊಡಗಿದೆ. ಶಿವಾನಂದ ಸರ್ ಕೇಳಿ, "ಗಾಜಿನ ಹಾಗಿದೆ ಕಣ್ರೀ!" ಎಂದರು. ಮೆಚ್ಚಿದರೆ ಉಬ್ಬುವ ಸ್ವಭಾವ ನನ್ನದು. ಇನ್ನಷ್ಟು ಉಜ್ಜಿದೆ.

ಆಗ ಬಂದದ್ದು ಪಂಚನಹಳ್ಳಿಯ ರಂಗಮ್ಮನ ಪೆನ್‌ಡ್ರೈವ್. ರಂಗಮ್ಮ ಎಪ್ಪತ್ತು ದಾಟಿದ ಹೆಂಗಸು, ತೆಂಗಿನ ತೋಟದ ಮನೆಯವರು. ಹೇಳಿದ್ದು 'ಏಳು ಬೀಗದ ಪೆಟ್ಟಿಗೆ' ಎಂಬ ಕಥೆ. ಗಂಡನ ಮನೆಗೆ ಬಂದ ಹೊಸ ಸೊಸೆಗೆ ಅತ್ತೆ ಏಳು ಬೀಗ ಹಾಕಿದ ಪೆಟ್ಟಿಗೆ ಕೊಟ್ಟು, ಇದನ್ನು ತೆಗೆದರೆ ಮನೆ ನಿನ್ನದು ಎನ್ನುತ್ತಾಳೆ. ಒಂದೊಂದು ಬೀಗದ ಕೀಲಿ ಒಂದೊಂದು ಕಡೆ. ನಾಲ್ಕನೆಯ ಬೀಗ ತೆರೆಯುವಷ್ಟರಲ್ಲಿ ಹಾಲು ಕರೆಯುವ ಹೊತ್ತಾಗಿ, ಉಳಿದ ಮೂರನ್ನು ಇನ್ನೊಂದು ದಿನ ಹೇಳುತ್ತೇನೆ ಎಂದು ರಂಗಮ್ಮ ಎದ್ದಿದ್ದರು. ಆ ಕಥೆ ಅವರ ಅತ್ತೆಯಿಂದ ಬಂದದ್ದು, ಸುತ್ತಮುತ್ತ ಬೇರೆ ಯಾರಿಗೂ ಬರುವುದಿಲ್ಲ ಎಂದು ಸರ್ ಚೀಟಿಯಲ್ಲಿ ಬರೆದಿದ್ದರು. ರೆಕಾರ್ಡಿಂಗ್ ನಲವತ್ತು ನಿಮಿಷಕ್ಕೆ ಹತ್ತಿರ. ಅದನ್ನು ಇಪ್ಪತ್ತಕ್ಕೆ ಇಳಿಸಬೇಕು.

ಪರದೆಯ ಮೇಲೆ ನೋಡಿದೆ. ರಂಗಮ್ಮನ ಮಾತು ಗುಡ್ಡ ಗುಡ್ಡವಾಗಿ ಎದ್ದಿತ್ತು. ಪ್ರತಿ ಎರಡು ಗುಡ್ಡದ ನಡುವೆ ಒಂದು ಸಣ್ಣ ಗುಪ್ಪೆ. ಮೈಕಿನಿಂದ ದೂರ ಕೂತ ಯಾರೋ "ಹೂಂ" ಎನ್ನುತ್ತಿದ್ದರು. ನೂರಕ್ಕೂ ಹೆಚ್ಚು ಹೂಂಗಳು. ಎಲ್ಲವನ್ನೂ ತೆಗೆದೆ, ಅದರ ಹಿಂದುಮುಂದಿನ ಬಿಡುವನ್ನೂ ತೆಗೆದೆ. ತೆಗೆದ ಮೇಲೆ ರಂಗಮ್ಮ ಅಲ್ಲಲ್ಲಿ ವಿನಾಕಾರಣ ಹೇಳಿದ್ದನ್ನೇ ಹೇಳುತ್ತಿದ್ದಾರೆ ಅನ್ನಿಸಿತು. "ಗರಿ ಅಂದ್ರೆ ಹಸಿ ಗರಿ ಅಲ್ಲ ಕಣೇ, ಒಣಗಿದ್ದು" ಎಂದು ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು. ಅವನ್ನೂ ತೆಗೆದೆ. ಹತ್ತೊಂಬತ್ತೂವರೆ ನಿಮಿಷಕ್ಕೆ ಬಂತು. ಕೈಯಾರೆ ಮಾಡಲು ನನಗೆ ಮೂರು ದಿನ ಹಿಡಿಯಿತು. ಈಗ ಒಂದು ಗುಂಡಿ ಒತ್ತಿದರೆ ಇಂಥವೆಲ್ಲ ತಾವೇ ಉದುರಿಹೋಗುತ್ತವಂತೆ. ತಪ್ಪು ಮಾಡುವ ವೇಗ ಹೆಚ್ಚಿದೆ, ಅಷ್ಟೆ. ಕಂತು ಹೊರಗೆ ಹೋದ ಸಂಜೆ, ಡಿಟಿಪಿ ಅಭ್ಯಾಸದಂತೆ ಮೂಲ ಫೈಲನ್ನು ಅಳಿಸಿ, ಪೆನ್‌ಡ್ರೈವ್ ಖಾಲಿ ಮಾಡಿ, ಅದೇ ಕವರಿನಲ್ಲಿ ವಾಪಸ್ ಕಳಿಸಿದೆ. ಬೇರೆ ಪ್ರತಿ ಸರ್ ಹತ್ತಿರವೂ ಇರಲಿಲ್ಲ.

ಕಥೆಗೆ ಹೂಂಗುಟ್ಟುವವರು ಬೇಕು ಎಂಬುದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಕಡೆ ಗೊತ್ತಿಲ್ಲದವರು ಯಾರು? ಹೂಂ ನಿಂತರೆ ಕಥೆಯೂ ನಿಂತಿತು. ಚಿಕ್ಕಂದಿನಲ್ಲಿ ನನ್ನ ಅಜ್ಜಿಯ ಮಗ್ಗುಲಲ್ಲಿ ಮಲಗಿ ನಾನೇ ಹೂಂಗುಟ್ಟಿದವಳು. ಆದರೆ ಪರದೆಯ ಮೇಲೆ ಅದು ಗುಪ್ಪೆಯಾಗಿ ಕಂಡಿತು, ಗುಪ್ಪೆಯನ್ನು ಸಮ ಮಾಡಿದೆ. ಕಿವಿಯ ಕೆಲಸವನ್ನು ಕಣ್ಣಿಗೆ ಒಪ್ಪಿಸಿದ್ದೆ.

ನಾಲ್ಕು ದಿನದ ಮೇಲೆ ಫೋನ್ ಬಂತು. ರಂಗಮ್ಮನ ಸೊಸೆ ಗೌರಮ್ಮ. ಹೂಂಗುಟ್ಟಿದವರು ರಂಗಮ್ಮನ ವಾರಗಿತ್ತಿ ಪುಟ್ಟಮ್ಮ ಎಂದು ಆಗ ತಿಳಿಯಿತು. ಅಣ್ಣತಮ್ಮಂದಿರ ಹೆಂಡಿರು, ಪಕ್ಕಪಕ್ಕದ ಮನೆ, ನಲವತ್ತು ವರ್ಷದಿಂದ ಒಬ್ಬರು ಹೇಳುವುದು, ಇನ್ನೊಬ್ಬರು ಹೂಂಗುಟ್ಟುವುದು. ಪಾಡ್‌ಕಾಸ್ಟ್ ಬಂದ ದಿನ ಗೌರಮ್ಮ ಜಗಲಿಯ ಮೇಲೆ ಮೊಬೈಲ್ ಇಟ್ಟು ಹಚ್ಚಿದಳಂತೆ. ಅಕ್ಕಪಕ್ಕದವರೆಲ್ಲ ಬಂದು ಕೂತಿದ್ದರು. ಪುಟ್ಟಮ್ಮ ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು, ಮುಂದೆಯೇ ಕೂತಿದ್ದರಂತೆ.

"ಪೂರ್ತಿ ಕೇಳಿದ್ರು ಮೇಡಂ, ಕೊನೇವರ್ಗೂ" ಎಂದಳು ಗೌರಮ್ಮ. "ಮುಗುದ್ಮೇಲೆ ಪಕ್ಕದ ಮನೆಯೋರು, ಏನ್ ಪುಟ್ಟಮ್ಮ, ನಾನೂ ಇದೀನಿ ಅಂದಿದ್ದೆ, ಎಲ್ಲೂ ಇಲ್ವಲ್ಲ ಅಂತ ನಗಾಡ್ಬಿಟ್ರು. ಚಿಕ್ಕತ್ತೆ ದನಕ್ಕೆ ಹುಲ್ಲಾಕ್ಬೇಕು ಅಂತ ಎದ್ದೋದ್ರು. ಅವತ್ತಿಂದ ಈ ಮನೆ ಹೊಸ್ಲು ತುಳ್ದಿಲ್ಲ."

ಉಳಿದ ಮೂರು ಬೀಗಗಳನ್ನು ರೆಕಾರ್ಡ್ ಮಾಡಲು ಶಿವಾನಂದ ಸರ್ ಹೋಗಬೇಕಿತ್ತು. ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ರೆಕಾರ್ಡರ್ ನನ್ನ ಕೈಗೆ ಬಂತು. ಬಸ್ಸು ಹತ್ತಿ ಪಂಚನಹಳ್ಳಿಗೆ ಹೋದೆ.

ರಂಗಮ್ಮ ಗಟ್ಟಿ ದನಿಯ, ಮಾತಿನಲ್ಲಿ ಮುಲಾಜಿಲ್ಲದ ಹೆಂಗಸು. ನೀರು ಕೊಟ್ಟು, ಮಜ್ಜಿಗೆ ಕೊಟ್ಟು, ಆಮೇಲೆ ಹೇಳಿದರು: "ನಾನು ಹೇಳಲ್ಲ ಕಣವ್ವ. ಹೂಂ ಅನ್ನೋಳಿಲ್ದೆ ಯಾರ್ಗೆ ಹೇಳ್ಲಿ, ಗೋಡೆಗಾ?"

"ನಾನು ಅಂತೀನಿ ಅಮ್ಮ" ಎಂದೆ.

"ಎಲ್ಲಿ, ಅನ್ನು ನೋಡಾನ."

ಅವರು ಶುರು ಮಾಡಿದರು. ಐದನೆಯ ಬೀಗದ ಮುಂದೆ ಸೊಸೆ ಕೂತಿದ್ದಾಳೆ. ನಾನು ಹೂಂ ಎಂದೆ. ಹೊರಗೆ ಗಾಳಿ ಬೀಸ್ತಾ ಐತೆ. ಹೂಂ ಎಂದೆ. ನನ್ನ ಕಣ್ಣು ರೆಕಾರ್ಡರಿನ ದೀಪದ ಮೇಲಿತ್ತು. ರಂಗಮ್ಮ ನಿಲ್ಲಿಸಿದರು.

"ನಿಂದು ಅಂಗಡಿ ಹೂಂ ಕಣವ್ವ. ಅರ್ಧ ಕೇಜಿ ಕಟ್ಲಾ ಅಂದ್ರೆ ಹೂಂ ಅಂತಾರಲ್ಲ, ಆ ಥರ. ನಮ್ಮ ಪುಟ್ಟಿ ಹೂಂ ಅಂದ್ರೆ ನಂಗೆ ಗೊತ್ತಾಯ್ತದೆ, ಇವ್ಳು ನಂಬಿದ್ಲೋ, ನಂಬ್ನಿಲ್ವೋ, ಎದೆ ಹೊಡ್ಕೊತಾ ಐತೋ ಅಂತ. ಎಳ್ದು ಹೂಂ ಅಂದ್ರೆ ನಾನು ಹಿಂದಕ್ಕೋಗಿ ಇನ್ನೊಂದ್ಸಲ ಹೇಳ್ಬೇಕು. ನೀನು ಅವ್ಳನ್ನೇ ಕಿತ್ತಾಕಿದ್ದೀಯಲ್ಲ, ಇನ್ನೇನ್ ಹೇಳ್ಲಿ?"

ಆಗ ನನಗೆ ಒಣಗಿದ ಗರಿಯ ಮಾತು ಅರ್ಥವಾಯಿತು. ಅದು ಯಾರೂ ಕೇಳದ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಪುಟ್ಟಮ್ಮ ಕೇಳಿದ್ದರು. ಒಂದು ಎಳೆದ ಹೂಂನಲ್ಲಿ ಕೇಳಿದ್ದರು, ನಾನು ಆ ಪ್ರಶ್ನೆಯನ್ನೂ ಅಳಿಸಿ ಉತ್ತರವನ್ನೂ ಅಳಿಸಿದ್ದೆ.

ಪಕ್ಕದ ಮನೆಯ ಹಿತ್ತಿಲಲ್ಲಿ ಪುಟ್ಟಮ್ಮ ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದರು. ಸಣ್ಣ ಮೈ, ಸಣ್ಣ ದನಿ. ನಾನು ಇಂಥವಳು ಎಂದು ಹೇಳಿದೆ. ಚಾಕು ನಿಲ್ಲಲಿಲ್ಲ. ತಪ್ಪಾಯಿತು ಎಂದೆ. ಬೇಕೆಂದು ಮಾಡಿದ್ದಲ್ಲ, ಗಲಾಟೆ ಅಂದುಕೊಂಡೆ ಎಂದೆ. ಆ ಮಾತು ಬಾಯಿಂದ ಬಿದ್ದ ಮೇಲೆ ಅದು ಇನ್ನೂ ಕೆಟ್ಟದ್ದು ಎಂದು ಹೊಳೆಯಿತು.

ಸೀಳಿದ ಕಡ್ಡಿಯನ್ನು ರಾಶಿಗೆ ಹಾಕಿ ಅವರು ಹೇಳಿದರು. "ಈ ಮನೆಗೆ ಬಂದಾಗ ಅತ್ತೆ ಮಾತಾಡೋರು. ಆಮೇಲೆ ಗಂಡ ಮಾತಾಡೋರು. ಅಕ್ಕ ಅಂತೂ ಸರಿ, ಊರಿಗೇ ಮಾತಾಡ್ತಾಳೆ. ನಂಗೆ ಬಂದಿದ್ದು ಆ ಹೂಂ ಒಂದು. ಅದನ್ನೂ ಗಲಾಟೆ ಅಂದ್ಬಿಟ್ಟೆ ನೀನು."

ಅಲ್ಲೇ ಕೂತು ನಾನೂ ಒಂದು ಗರಿ ತೆಗೆದುಕೊಂಡು ಕಡ್ಡಿ ಸೀಳಿದೆ. ಅರ್ಧಗಂಟೆ ಕಳೆದ ಮೇಲೆ, ಮೂಲ ಫೈಲು ಇಲ್ಲ, ಮೊದಲಿನಿಂದ ಹೊಸದಾಗಿ ರೆಕಾರ್ಡ್ ಮಾಡೋಣ, ಈ ಸಲ ಇಬ್ಬರಿಗೂ ಒಂದೊಂದು ಮೈಕು ಎಂದೆ. ಪುಟ್ಟಮ್ಮ ಕಡ್ಡಿಗಳನ್ನು ಕಂತೆ ಕಟ್ಟಿ, "ರಾಗಿ ಒಕ್ಕಣೆ ಮುಗೀಲಿ. ಬತ್ತೀನಿ" ಎಂದರು. ಅಂದು ಸಂಜೆ ಅವರು ರಂಗಮ್ಮನ ಮನೆಯ ಹೊಸ್ತಿಲು ದಾಟಿದ್ದನ್ನು ನೋಡಿಯೇ ನಾನು ಬಸ್ಸು ಹತ್ತಿದೆ.

ಒಕ್ಕಣೆ ಮುಗಿಯುವ ಮೊದಲು ರಂಗಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಗೌರಮ್ಮ ಫೋನ್ ಮಾಡಿದಳು. "ಎಲ್ಲಾ ಅರ್ಥ ಆಯ್ತದೆ ಮೇಡಂ. ಬಾಯಿಂದ ಮಾತ್ರ ಒಂದೂ ಬರಲ್ಲ. ಏನ್ ಕೇಳಿದ್ರೂ ಹೂಂ ಅಂತಾರೆ, ಅಷ್ಟೇ ಉಳ್ದಿರೋದು."

ಫೋನ್ ಇಟ್ಟು ಅತ್ತೆ. ಈ ಕೆಲಸದಲ್ಲಿ ಅತ್ತದ್ದು ಅದೊಂದೇ ಸಲ. ಮೂರು ಬೀಗದ ಕಥೆ ಹೋಯಿತು ಎಂಬುದು ಒಂದು. ಇದ್ದ ನಾಲ್ಕು ಬೀಗವನ್ನೂ ನಾನು ಅರ್ಧ ಮಾಡಿಟ್ಟಿದ್ದೆ ಎಂಬುದು ಇನ್ನೊಂದು. ಶಿವಾನಂದ ಸರ್ ವ್ಯವಹಾರದ ಮಾತಾಡಿದರು: "ಅರ್ಧ ಕಥೆ ಇಟ್ಕೊಂಡು ಏನ್ ಮಾಡೋಣ್ರೀ? ಕೇಳಿದೋರು ಮುಂದಿಂದೆಲ್ಲಿ ಅಂತಾರೆ. ತೆಗೆದುಬಿಡೋಣ." ಒಂದು ತಿಂಗಳು ಬಿಡಿ ಸರ್ ಎಂದು ಬೇಡಿಕೊಂಡೆ. ಒಂದು ತಿಂಗಳಲ್ಲಿ ಏನಾಗುತ್ತದೆಂದು ನನಗೂ ಗೊತ್ತಿರಲಿಲ್ಲ.

ಬ್ರೆಡ್ಡು, ಮೂಸಂಬಿ ತೆಗೆದುಕೊಂಡು ನೋಡಲು ಹೋದೆ. ರೆಕಾರ್ಡರ್ ಚೀಲದಲ್ಲಿತ್ತು, ತೆಗೆಯುವ ಇರಾದೆ ಇರಲಿಲ್ಲ. ರಂಗಮ್ಮ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಪುಟ್ಟಮ್ಮ ಪಕ್ಕದಲ್ಲಿ ಕೂತು ಚಮಚದಲ್ಲಿ ರಾಗಿ ಗಂಜಿ ಕುಡಿಸುತ್ತಿದ್ದರು. ಗೌರಮ್ಮ, "ಅತ್ತೆಗೆ ದಿನಾ ಇದನ್ನ ಕೇಳ್ಬೇಕು" ಎಂದು ಮೊಬೈಲಿನಲ್ಲಿ ಆ ಕಂತನ್ನೇ ಹಚ್ಚಿದಳು. ಮಾತು ಹೋದ ರಂಗಮ್ಮ ತಮ್ಮ ದನಿಯನ್ನು ಕೇಳುತ್ತಾ ಕೂತರು. ನಾನು ತಲೆ ತಗ್ಗಿಸಿದ್ದೆ.

ಕೇಳುತ್ತಾ ಕೇಳುತ್ತಾ ಪುಟ್ಟಮ್ಮನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಕೊನೆಗೆ ನನ್ನ ಕಡೆ ತಿರುಗಿ ಹೇಳಿದರು: "ಸಂದೇ ಇಲ್ವಲ್ಲವ್ವ ಹೂಂ ಅನ್ನಕ್ಕೆ. ನಮ್ಮಕ್ಕಂಗೆ ಉಸಿರಾಡಕ್ಕೂ ಬಿಟ್ಟಿಲ್ಲ ನೀನು."

ನಾಲ್ಕನೆಯ ಬೀಗ ತೆರೆಯಿತು, ಕಂತು ಮುಗಿಯಿತು. ಗೌರಮ್ಮ ಮೊಬೈಲ್ ಎತ್ತಿಕೊಳ್ಳಲು ಬಗ್ಗಿದಳು. ಆಗ ಮಂಚದ ಮೇಲಿಂದ ದನಿ ಬಂತು.

"ಹೂಂ" ಎಂದರು ರಂಗಮ್ಮ.

ನೀರು ಬೇಕೇನೋ ಎಂದು ಗೌರಮ್ಮ ಲೋಟ ಹಿಡಿದಳು. ರಂಗಮ್ಮ ಎಡಗೈಯಿಂದ ಲೋಟ ತಳ್ಳಿ, ಪುಟ್ಟಮ್ಮನನ್ನೇ ನೋಡುತ್ತಾ ಇನ್ನೊಮ್ಮೆ ಅಂದರು: "ಹೂಂ."

ಪುಟ್ಟಮ್ಮನಿಗೆ ತಿಳಿಯಿತು. "ಅಯ್ಯೋ, ನಂಗೆ ಹೇಳಕ್ಕೆ ಬರಲ್ಲ ಕಣಕ್ಕ. ನಾನೆಲ್ಲಿ ಹೇಳಿದ್ದೀನಿ ಯಾವತ್ತಾರಾ?"

"ಹೂಂ."

ಪುಟ್ಟಮ್ಮ ಗಂಜಿಯ ಬಟ್ಟಲನ್ನು ಕೆಳಗಿಟ್ಟರು. ಸೆರಗಿನಿಂದ ಬಾಯಿ ಒರೆಸಿಕೊಂಡರು. "ಐದ್ನೇ ಬೀಗದ ಮುಂದೆ ಸೊಸೆ ಕೂತವ್ಳೆ" ಎಂದು ಶುರು ಮಾಡಿ, ನಿಲ್ಲಿಸಿ, ನನ್ನನ್ನು ನೋಡಿದರು. ನಾನು ಚೀಲಕ್ಕೆ ಕೈ ಹಾಕಿ, "ಆನ್ ಮಾಡ್ಲಾ ಅಮ್ಮ?" ಎಂದು ಕೇಳಿದೆ.

"ಮಾಡ್ಕೊ. ಆದ್ರೆ ನಮ್ಮಕ್ಕನ ಹೂಂ ಏನಾರ ತೆಗ್ದೋ, ಈ ಮನೆ ಬಾಗಿಲಿಗೆ ಬರ್ಬೇಡ ಮತ್ತೆ."

ಇದ್ದದ್ದು ಒಂದೇ ಕಾಲರ್ ಮೈಕು. ಅದನ್ನು ರಂಗಮ್ಮನ ಸೆರಗಿಗೆ ಸಿಕ್ಕಿಸಿದೆ. ಹೇಳುವವರ ದನಿ ದೂರದಿಂದ ಬಂದರೂ ಪರವಾಗಿಲ್ಲ.

ಪುಟ್ಟಮ್ಮ ಹೇಳಿದರು. ಮೊದಮೊದಲು ತಡವರಿಸಿದರು, ಆಮೇಲೆ ದನಿ ಕುದುರಿತು. ನಲವತ್ತು ವರ್ಷ ಹೂಂಗುಟ್ಟಿದವಳ ಒಳಗೆ ಇಡೀ ಕಥೆ ಕೂತಿತ್ತು. ಆರನೆಯ ಕೀಲಿ ಹುತ್ತದೊಳಗಿತ್ತು ಎಂದಾಗ ರಂಗಮ್ಮನ ಹೂಂ ಉದ್ದಕ್ಕೆ ಎಳೆಯಿತು. ಪುಟ್ಟಮ್ಮ ಗಕ್ಕನೆ ನಿಂತರು. "ಹುತ್ತ ಅಲ್ವಾ? ಇರು, ಇರು. ಒರಳ ಕೆಳ್ಗೆ! ಒರಳ ಕೆಳ್ಗೆ ಕಣವ್ವ." ಮಂಚದಿಂದ ಒಂದು ಮೊಟಕು ಹೂಂ ಬಂತು. ಕಥೆ ಮುಂದೆ ಹೋಯಿತು. ಏಳನೆಯ ಬೀಗ ತೆರೆದಾಗ ಗೌರಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಪೆಟ್ಟಿಗೆಯಲ್ಲಿ ಏನಿತ್ತು ಎಂದು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಬ್ಬರೂ ಒಪ್ಪುವುದಿಲ್ಲ. ಕೇಳಬೇಕಾದ್ದನ್ನು ಕೇಳಿಯೇ ತಿಳಿಯಬೇಕು.

ಬೀರೂರಿಗೆ ಬಂದು ಕಂಪ್ಯೂಟರಿಗೆ ಹಾಕಿದೆ. ಈ ಸಲ ಪರದೆಯನ್ನು ಆಫ್ ಮಾಡಿ ಕೇಳಿದೆ. ಮೂವತ್ತೊಂದು ನಿಮಿಷ ಇತ್ತು. ನಡುವೆ ಗಂಜಿ ಬಟ್ಟಲಿನ ಸದ್ದು, ಒಂದು ಕರು ಕೂಗಿದ್ದು, ದೂರದಲ್ಲಿ ಯಾರದೋ ಬೈಕು. ಯಾವುದನ್ನೂ ಮುಟ್ಟಲಿಲ್ಲ. ಶಿವಾನಂದ ಸರ್ ಫೋನಿನಲ್ಲಿ, "ಮೂವತ್ತೊಂದಾ? ಹನ್ನೊಂದು ತೆಗೀರಿ" ಎಂದರು. ಮೊದಲು ಪೂರ್ತಿ ಕೇಳಿ ಸರ್, ಆಮೇಲೆ ಯಾವ ಹನ್ನೊಂದು ಅಂತ ನೀವೇ ಹೇಳಿ ಎಂದೆ. ಮಾರನೆಯ ದಿನ ಅವರದೇ ಫೋನ್ ಬಂತು. "ಇರಲಿ ಬಿಡಿ" ಎಂದಷ್ಟೇ ಹೇಳಿ ಇಟ್ಟರು.

ಆಮೇಲೆಯೂ ಎಷ್ಟೋ ವರ್ಷ ಈ ಕೆಲಸ ಮಾಡಿದೆ. ಮೂಲ ಫೈಲನ್ನು ಎಂದೂ ಅಳಿಸಲಿಲ್ಲ. ಅವು ತುಂಬಿದ ಹಾರ್ಡ್‌ಡಿಸ್ಕುಗಳು ಈಗಲೂ ಬೀರುವಿನಲ್ಲಿ, ಸೀರೆಗಳ ಕೆಳಗಿವೆ. ಪ್ರತಿ ಕಂತಿನ ಕೊನೆಗೆ ಯಾರು ಯಾರು ಕೆಲಸ ಮಾಡಿದರು ಎಂಬ ಹೆಸರುಗಳನ್ನು ಓದುವುದು ನನ್ನ ಪಾಲಿಗಿತ್ತು. ಏಳು ಬೀಗದ ಮೊದಲ ಕಂತಿನಲ್ಲಿ ಕಥೆಗೆಂದು ಓದಿದ್ದು ರಂಗಮ್ಮನ ಹೆಸರೊಂದೇ. ಎರಡನೆಯದಕ್ಕೆ, ಎರಡು ಗಾಡಿಗಳ ನಡುವೆ ಕಂಬಳಿ ಹೊದ್ದು, ನಿಧಾನವಾಗಿ ಓದಿದೆ: ಕಥೆ ಹೇಳಿದವರು ಪುಟ್ಟಮ್ಮ, ಹೂಂಗುಟ್ಟಿದವರು ರಂಗಮ್ಮ.